ಕೀಲಿಯ ಸೆಲ್ಲಿಗೆ ವಿಭೂತಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲ ನಿಜಲಿಂಗಪ್ಪ ತನ್ನ ಜೀವಮಾನದಲ್ಲಿ ಯಾರೂ ಹೇಳದೆ, ತಾನಾಗಿಯೇ, ಹೆಂಡತಿಗೋಸ್ಕರ ಮಾಡಿದ ಒಳ್ಳೆಯ ಕೆಲಸ ಒಂದೇ ಒಂದು. ಅದನ್ನೂ ಮಾಡದೆ ತೆಪ್ಪಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಇವತ್ತಿಗೂ ಅನಿಸುತ್ತದೆ.

ಅವನ ಹೆಂಡತಿ ನಿರ್ಮಲಾ ಐವತ್ತು ಹತ್ತಿರ ಬಂದ ಮೇಲೆ ಕಾರು ಕಲಿತಳು. ಬಸ್ಸು ಹತ್ತಿ ಹಾವೇರಿಗೆ ಹೋಗಿ, ಅಲ್ಲಿಯ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಳು. ಮನೆಯಲ್ಲೇ ಕಾರೂ ಗಂಡನೂ ಇರುವಾಗ ಹಾವೇರಿ ಯಾಕೆ ಎಂದು ಕೇಳಬೇಡಿ. (ಗಂಡ ಒಂದು ದಿನ ಕಲಿಸಿದ್ದ. ಅವತ್ತು ಸಂಜೆ ಇಬ್ಬರೂ ಬೇರೆ ಬೇರೆ ಆಟೋದಲ್ಲಿ ಮನೆಗೆ ಬಂದರು. ಕಾರು ಮೈದಾನದಲ್ಲೇ ಉಳಿಯಿತು.) ಲೈಸೆನ್ಸ್ ಬಂದ ಮೇಲೂ ನಿಜಲಿಂಗಪ್ಪನ ಬಾಯಿ ಸುಮ್ಮನಿರಲಿಲ್ಲ. ಆಕೆ ಗಾಡಿ ಹಿಂದಕ್ಕೆ ತೆಗೆಯುವಾಗ ಇವನು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ವೀಕ್ಷಕ ವಿವರಣೆ ಕೊಡುವನು. ನಮ್ಮ ಮನೆಯವರು ಗಾಡಿ ತೆಗೆದರೆ ಪಡಸಾಲೆಯಲ್ಲಿ ಕುಳಿತವರೂ ಕಾಲು ಮೇಲೆತ್ತಿಕೊಳ್ಳುತ್ತಾರೆ ಎಂದು ಮಾರುಕಟ್ಟೆಯಲ್ಲಿ ಹೇಳಿ ನಗಿಸುವನು. ಮೊದಮೊದಲು ನಿರ್ಮಲಾ ಕೂಡ ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಬಿಟ್ಟದ್ದು ಇವನ ಗಮನಕ್ಕೆ ಬರಲಿಲ್ಲ.

ನಿರ್ಮಲಾಳ ತಾಯಿ ಮುದುಕವ್ವ ಇರುವುದು ಕುಪ್ಪೇಲೂರಿನಲ್ಲಿ, ಮಗ ಶಶಿಕಾಂತನ ತುಂಬಿದ ಮನೆಯಲ್ಲಿ. ಮಗಳಿಗೆ ಲೈಸೆನ್ಸ್ ಬಂತೆಂದು ಕೇಳಿದ್ದೇ ತಡ, ಶ್ರಾವಣದ ಮೊದಲನೇ ಸೋಮವಾರ ಮಗಳ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಗಳಗನಾಥದ ಶಿವನ ಗುಡಿಗೆ ಹೋಗುತ್ತೇನೆಂದು ಊರಿಗೆಲ್ಲ ಡಂಗುರ ಸಾರಿಬಿಟ್ಟಳು. ಸೋಮವಾರ ಮೆಣಸಿನಕಾಯಿ ಟೆಂಡರ್ ದಿನ, ನಿಜಲಿಂಗಪ್ಪ ಅಂಗಡಿ ಬಿಟ್ಟು ಬರುವಂತಿಲ್ಲ. ಪಕ್ಕದಲ್ಲಿ ಕುಳಿತು ಬ್ರೇಕು ಬ್ರೇಕು ಎನ್ನುವವರು ಯಾರೂ ಇಲ್ಲದ ಮೊದಲ ಪ್ರಯಾಣ. ನಿರ್ಮಲಾ ದಿನಾ ಕ್ಯಾಲೆಂಡರ್ ನೋಡುತ್ತಿದ್ದಳು.

ಭಾನುವಾರ ಸಂಜೆ ನಿಜಲಿಂಗಪ್ಪನ ಮನಸ್ಸಿನಲ್ಲಿ ಎಲ್ಲಿಂದಲೋ ಒಂದು ಒಳ್ಳೆಯ ವಿಚಾರ ಹುಟ್ಟಿತು. ಕಾರಿಗೆ ಎರಡು ಕೀಲಿ. ಹೆಂಡತಿಯದು ಚೆನ್ನಾಗಿತ್ತು. ಇವನದರ ಸೆಲ್ಲು ಸತ್ತಿತ್ತು. (ಸಾಯದೆ ಏನು ಮಾಡೀತು? ಅಂಗಡಿಯ ಗಾದಿಯ ಮೇಲೆ ಕುಳಿತು, ಹೊರಗೆ ನಿಂತ ಗಾಡಿ ಯಾರದೆಂದು ನಾಲ್ಕು ಮಂದಿಗೆ ತಿಳಿಯಲಿ ಎಂದು ದಿನವಿಡೀ ಗುಂಡಿ ಒತ್ತಿ ಕುಂಯ್ ಕುಂಯ್ ಅನಿಸುತ್ತಿದ್ದ.) ದೂರದ ದಾರಿ, ಒಂದು ಕೀಲಿ ಕೈಕೊಟ್ಟರೆ ಇನ್ನೊಂದು ಇರಲಿ, ಎರಡನ್ನೂ ಅವಳಿಗೇ ಕೊಟ್ಟು ಕಳಿಸೋಣ ಎಂದುಕೊಂಡು ಹೊಸ ಸೆಲ್ಲು ತಂದ. ಚಾಕುವಿನ ಮೊನೆಯಿಂದ ಕೀಲಿಯ ಹೊಟ್ಟೆ ಬಿಚ್ಚಿದ.

ಅವರ ಮನೆತನದಲ್ಲಿ ಹೊಸ ವಸ್ತು ಯಾವುದೇ ಬರಲಿ, ವಿಭೂತಿ ಹಚ್ಚದೆ ಬಳಸುವ ಪದ್ಧತಿಯಿಲ್ಲ. ತಕ್ಕಡಿ, ಕಪಾಟು, ಫ್ರಿಜ್ಜು, ಮೊಬೈಲು, ಎಲ್ಲವೂ ಮೂರು ಪಟ್ಟೆ ಬಳಿದುಕೊಂಡೇ ಸೇವೆಗೆ ಸೇರಿದಂಥವು. ಅಂಗಿಯ ಗುಂಡಿಯಷ್ಟಗಲದ ಸೆಲ್ಲಿನ ಮೇಲೆ ಮೂರು ಬೆರಳು ಹಿಡಿಸಲಿಲ್ಲ. ನಿಜಲಿಂಗಪ್ಪ ಬಿಡಲಿಲ್ಲ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಎರಡೂ ಬದಿಗೆ ದಪ್ಪನಾಗಿ ಮೂರು ಮೂರು ಪಟ್ಟೆ ಎಳೆದು, ಆರಿಸಿ, ಕೈಮುಗಿದು ಒಳಗಿಟ್ಟ. ಗುಂಡಿ ಒತ್ತಿದರೆ ಕಾರು ಪಿಟ್ಟೆನ್ನಲಿಲ್ಲ.

ಸೆಲ್ಲು ತೆಗೆದಿದ್ದರಿಂದ ಗಾಡಿ ತನ್ನ ಕೀಲಿಯನ್ನು ಮರೆತಿರಬೇಕು ಎಂದು ಅವನು ತೀರ್ಮಾನಿಸಿದ. ಗಾಡಿಗೆ ಕೀಲಿಯ ಗುರುತು ಹೊಸದಾಗಿ ಹೇಳಿಕೊಡುವ ವಿಡಿಯೋ ಮೊಬೈಲಿನಲ್ಲಿ ಸಿಕ್ಕಿತು. ಹೆಂಡತಿಯ ಕೀಲಿಯಿಂದ ಕಾರು ತೆಗೆದು, ಒಳಗೆ ಕುಳಿತು, ವಿಡಿಯೋದವನು ಹೇಳಿದಂತೆ ಬಾಗಿಲು ಹಾಕಿ, ತೆಗೆದು, ಅದೊತ್ತಿ, ಇದೊತ್ತಿ, ಗಾಡಿಯ ದೀಪ ಮಿನುಗಿದ್ದೇ ಕೆಲಸ ಕೈಗೂಡಿತೆಂದು ವಿಡಿಯೋ ಬಂದ್ ಮಾಡಿದ. ಇನ್ನೂ ಸ್ವಲ್ಪ ಕೇಳಿದ್ದರೆ, ಗಾಡಿ ಈಗ ಹಳೆಯ ಕೀಲಿಗಳನ್ನೆಲ್ಲ ಮರೆತಿದೆ, ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಒತ್ತಿ ಗುರುತು ಹೇಳಿ ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಅವನು ಒಳಗಿನ ಲಾಕು ಒತ್ತಿ ಬಾಗಿಲು ಹಾಕಿ, ಹೆಂಡತಿಯ ಕೀಲಿಯನ್ನು ಅವಳ ಬ್ಯಾಗಿನಲ್ಲಿಟ್ಟು, ಸಂತೃಪ್ತ ಮನಸ್ಸಿನಿಂದ ಊಟಕ್ಕೆ ಕುಳಿತ.

ಬೆಳಿಗ್ಗೆ ನಿರ್ಮಲಾ ಇಳಕಲ್ ಸೀರೆ ಉಟ್ಟು, ಬುತ್ತಿ ಹಿಡಿದು ಬಂದು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇವನ ಕೀಲಿಯೂ ಅಷ್ಟೇ. ಕೀಲಿಯೊಳಗೆ ಅಡಗಿದ್ದ ಲೋಹದ ಕೀಲಿ ತೆಗೆದು ಬಾಗಿಲು ತೆರೆದದ್ದೇ ತಡ, ಕಾರು ಕಳ್ಳ ನುಗ್ಗಿದ ಮನೆಯವರ ಹಾಗೆ ಬೊಬ್ಬೆ ಹಾಕತೊಡಗಿತು, ಚಾಲೂ ಮಾತ್ರ ಆಗಲಿಲ್ಲ. ಓಣಿಯ ಜನ ಹಲ್ಲುಜ್ಜುತ್ತ ಹೊರಗೆ ಬಂದರು. ನಿಜಲಿಂಗಪ್ಪ ಹಿಂದಿನ ಸಂಜೆ ಮಾಡಿದ್ದನ್ನೆಲ್ಲ ಆ ಗದ್ದಲದಲ್ಲೇ ಹೇಳಿದ.

ಕಾರು ತಾನಾಗಿ ಸುಮ್ಮನಾದ ಮೇಲೆ ನಿರ್ಮಲಾ ಮೆಲ್ಲಗೆ ಕೇಳಿದಳು: "ಬ್ಯಾಡ ಅನ್ನೂದಿದ್ರ ಬಾಯಿಲೆ ಅನ್ನಬೇಕಿತ್ತು. ಗಾಡಿ ಯಾಕ ಕೆಡಿಸಿದ್ರಿ?"

"ಏ, ಚಲೋ ಆಗಲಿ ಅಂತ ಮಾಡೀನಿ. ಖರೇನ ನಿನ್ನ ಸಲುವಾಗಿ ಮಾಡೀನಿ."

"ಇಷ್ಟು ದಿನ ನನ್ನ ಸಲುವಾಗಿ ಏನೇನು ಮಾಡೀರಿ, ಓಣ್ಯಾಗಿನ ಮಂದೀನ ಕೇಳ್ರಿ."

ಬಾಡಿಗೆ ಗಾಡಿ ತರಿಸುತ್ತೇನೆ ಎಂದ. ಬಸ್ಸಿಗೆ ಕೀಲಿ ಬೇಕಾಗುವುದಿಲ್ಲ ಎಂದು ಹೇಳಿ ಆಕೆ ನಡೆದೇಬಿಟ್ಟಳು. ಬುತ್ತಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ ಹೆಂಡತಿಯನ್ನು ನಿಜಲಿಂಗಪ್ಪ ಓಣಿಯ ತಿರುವಿನ ತನಕ ನೋಡಿದ. ತನ್ನ ಮಾತನ್ನು ಆಕೆ ನಂಬಲಿಲ್ಲ. ನಂಬುವಂತೆ ತಾನು ಒಂದು ದಿನವೂ ನಡೆದುಕೊಂಡಿಲ್ಲ ಎಂಬುದೂ ಆಗಲೇ ಹೊಳೆಯಿತು.

ಟೆಂಡರನ್ನು ಗುಮಾಸ್ತನಿಗೆ ಒಪ್ಪಿಸಿ, ಹಾವೇರಿಯಿಂದ ಮುಸ್ತಾಕ್ ಎಂಬ ಮೆಕ್ಯಾನಿಕನನ್ನು ಕರೆಸಿದ. ಅವನು ಕೀಲಿ ಬಿಚ್ಚಿ ನೋಡಿ, ಒಳಗ ಪೂಜಿ ಯಾರು ಮಾಡಿದ್ರು ಎಂದು ಗಂಭೀರವಾಗಿ ಕೇಳಿದ. ಕರೆಂಟಿಗೆ ಅಡ್ಡ ನಿಂತಿದ್ದ ವಿಭೂತಿಯನ್ನು ಸೆಲ್ಲಿನಿಂದ ಒರೆಸಿ, ಯಂತ್ರ ಹಚ್ಚಿ, ಗಾಡಿಗೆ ಎರಡೂ ಕೀಲಿಯ ನೆನಪು ತರಿಸಬೇಕಾದರೆ ಎರಡನೆಯದು ಊರಲ್ಲೇ ಇರಲಿಲ್ಲ, ನಿರ್ಮಲಾಳ ಬ್ಯಾಗಿನಲ್ಲಿ ಕುಳಿತು ಬಸ್ಸಿನಲ್ಲಿ ಹೋಗಿತ್ತು. ಒಂದಾದರೂ ಸಾಕೆಂದು ನಿಜಲಿಂಗಪ್ಪ ರಾಣೆಬೆನ್ನೂರು ದಾಟಿ ಕುಪ್ಪೇಲೂರಿಗೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ "ನಂದು ತಪ್ಪಾತು" ಎಂಬ ಮಾತನ್ನು ಬಾಯಿಪಾಠ ಮಾಡಿದ.

ಕುಪ್ಪೇಲೂರಿನಲ್ಲಿ ಶಶಿಕಾಂತ ಒಬ್ಬನೇ ಬಾಗಿಲಲ್ಲಿದ್ದ. ಕಾಯಿಪಲ್ಯೆ ಹೇರುವ ತನ್ನ ಸಣ್ಣ ಲಗೇಜು ಗಾಡಿಯನ್ನೇ ಅಕ್ಕ ಹೊಡೆದುಕೊಂಡು ಹೋದಳೆಂದೂ, ಅವ್ವ ಪಕ್ಕದಲ್ಲಿ ಕುಳಿತು ಓಣಿ ಮುಗಿಯುವ ತನಕ ಎಲ್ಲರಿಗೂ ಕೈಮಾಡಿದಳೆಂದೂ ಹೇಳಿದ.

ಗಳಗನಾಥದಲ್ಲಿ ತಾಯಿ ಮಗಳು ದರ್ಶನ ಮುಗಿಸಿ, ಹೊಳೆಯ ದಂಡೆಯ ಮರದಡಿ ಬುತ್ತಿ ಉಣ್ಣುತ್ತಿದ್ದರು. ನಿಜಲಿಂಗಪ್ಪ ಎದುರು ಹೋಗಿ ನಿಂತ. ಬಾಯಿಪಾಠ ಮಾಡಿದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು.

"ಗಾಡಿ ಚಾಲೂ ಆಗೈತಿ," ಎಂದ.

ನಿರ್ಮಲಾ ಅವನ ಕೈಗೆ ಒಂದು ರೊಟ್ಟಿ ಕೊಟ್ಟಳು. ರೊಟ್ಟಿ ಮುಗಿದ ಮೇಲೆ ಅವನು ಕೀಲಿಯನ್ನು ಆಕೆಯ ಮುಂದಿಟ್ಟು, ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ನೀನೇ ಹೊಡಿ, ಲಗೇಜು ಗಾಡಿ ನಾನು ತರುತ್ತೇನೆ ಎಂದು ಬೇಡಿಕೊಂಡ. ಉತ್ತರ ಮುದುಕವ್ವನಿಂದ ಬಂತು.

"ಬ್ಯಾಡ್ರಿ ಅಳಿಯಂದಿರ. ನಿಮ್ಮ ಗಾಡ್ಯಾಗ ಗಾಜು ಏರಿಸಿ ಕುಂದರಬೇಕು. ನನ್ನ ಮಗಳು ಹೊಡಿಯೂದು ಮಂದಿಗೆ ಹೆಂಗ ಕಾಣಬೇಕು? ನೀವು ಹಿಂದ ಬರ್ರಿ."

ಹೀಗೆ ಲಗೇಜು ಗಾಡಿ ಮುಂದೆ, ಖಾಲಿ ಕಾರು ಹಿಂದೆ. ನಿರ್ಮಲಾ ತಗ್ಗು ತಪ್ಪಿಸಿ, ಕುರಿಹಿಂಡಿಗೆ ದಾರಿ ಬಿಟ್ಟು, ತಿರುವಿನಲ್ಲಿ ನಿಧಾನ ಮಾಡಿ ಹೊಡೆಯುತ್ತಿದ್ದುದನ್ನು ನಿಜಲಿಂಗಪ್ಪ ಅಂದೇ ಮೊದಲ ಸಲ ಬಾಯಿ ಮುಚ್ಚಿಕೊಂಡು ನೋಡಿದ. ಎಷ್ಟು ಚೆಂದ ಹೊಡೆಯುತ್ತಾಳೆ ಎನಿಸಿತು. ಅದನ್ನು ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಒಂದು ಊರಿನ ನಿಲ್ದಾಣದಲ್ಲಿ ಮುದುಕವ್ವನ ಗೆಳತಿ ಉಚ್ಚಂಗೆವ್ವ ಕೈಮಾಡಿ ನಿಲ್ಲಿಸಿದಳು. ನಿಜಲಿಂಗಪ್ಪನೂ ಹಿಂದೆ ನಿಂತು ಗಾಜು ಇಳಿಸಿದ. ಮಗಳ ಗುಣಗಾನವೆಲ್ಲ ಮುಗಿದ ಮೇಲೆ ಉಚ್ಚಂಗೆವ್ವ, ಆ ಹಿಂದಿನ ಗಾಡಿ ಯಾರದೆಂದು ಕೇಳಿದಳು.

"ನಮ್ಮ ಅಳಿಯಂದಿರದ," ಎಂದಳು ಮುದುಕವ್ವ. "ಮಗಳು ಹೊಡಿಯೂದ ನೋಡಿ ಕಲ್ಯಾಕತ್ತಾರ."

ಉಚ್ಚಂಗೆವ್ವ ಕಾರಿನ ತನಕ ನಡೆದು ಬಂದು, ಅಂಜಬ್ಯಾಡ್ರಿ, ದಿನಾ ಹಿಂಗ ಹಿಂದ ಹಿಂದ ಬಂದ್ರ ನಿಮಗೂ ಬರತೈತಿ ಎಂದು ಧೈರ್ಯ ಹೇಳಿದಳು. ನಿಜಲಿಂಗಪ್ಪ, ಹೌದ್ರಿ ಎಂದು ತಲೆಯಾಡಿಸಿದ.