‘ಊಟ ಆಯ್ತಾ?’ ಎಂಬ ಚೆಕ್‌ಬಾಕ್ಸ್

ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವ ನನಗೆ ಒಂದು ಟೇಬಲ್ ಯಾವ ಲೆಕ್ಕ? ಹೆಸರು, ಊರು, ಪಕ್ಕದಲ್ಲಿ ಒತ್ತಿದರೆ ರೈಟ್ ಬೀಳುವ ಒಂದು ಚೆಕ್‌ಬಾಕ್ಸ್. ಅಷ್ಟೇ!

ಪರದೇಶದಲ್ಲಿರುವ ನಮ್ಮ ಕನ್ನಡ ಬಳಗದ ಯುಗಾದಿ ಊಟದ ಉಸ್ತುವಾರಿ ಈ ಸಲ ನನ್ನ ಹೆಂಡತಿ ಸುಧಾಳದು. ಹೋದ ವರ್ಷ ಒಬ್ಬಟ್ಟು ಸಾಲದೆ, ಮೆಟುಚೆನ್ನಿನ ಪದ್ಮಾ ಆಂಟಿ ಬರೀ ಮಜ್ಜಿಗೆ ಕುಡಿದು ಹೋಗಿದ್ದರು. “ಈ ಸಲ ಆಂಟಿಗೆ ಒಬ್ಬಟ್ಟು ಸಿಗ್ಲೇಬೇಕು, ಮಾತು ಕೊಟ್ಟಿದ್ದೀನಿ” ಎನ್ನುತ್ತ ಅವಳು ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ಮೊದಲ ಪಂಕ್ತಿಯಲ್ಲಿ ಉಂಡವರ ಹೆಸರಿಗೆ ಪೆನ್ಸಿಲ್ಲಿನಲ್ಲಿ ರೈಟ್ ಹಾಕುವುದು, ಉಳಿದವರಿಗೆ ಎರಡನೇ ಪಂಕ್ತಿ. ನನ್ನೊಳಗಿನ ಇಂಜಿನಿಯರ್ ಕೆರಳಿದ.

“ಪೆನ್ಸಿಲ್ಲಾ? ಬಿಡು, ಲ್ಯಾಪ್‌ಟಾಪಲ್ಲಿ ಮಾಡಿಕೊಡ್ತೀನಿ. ಅರ್ಧ ಗಂಟೆ!”

ಆ ಅರ್ಧ ಗಂಟೆ ಎರಡು ವೀಕೆಂಡ್ ನುಂಗಿತು. ಮೊದಲ ಸಲ ಚೆಕ್‌ಬಾಕ್ಸಿನ ಚೌಕವೇ ಮೂಡದೆ, ಪ್ರತಿ ಹೆಸರಿನ ಮುಂದೆಯೂ, ರೈಟ್ ಬಿದ್ದಿಲ್ಲ ಎನ್ನಲು ಕಂಪ್ಯೂಟರ್ ಹೇಳುವ ‘ಫಾಲ್ಸ್’ ಎಂಬ ಪದ ಬಂತು.

“ಏನ್ರೀ ಇದು? ಪದ್ಮಾ ಆಂಟಿ ಫಾಲ್ಸ್, ಬಳಗದ ಪ್ರೆಸಿಡೆಂಟ್ ಫಾಲ್ಸ್, ನಾನೂ ಫಾಲ್ಸಾ?”

“ನಾನೂ ಫಾಲ್ಸೇ ಕಣೇ,” ಎಂದು ಸಮಾಧಾನ ಹೇಳಿದೆ.

ಮರುದಿನ ಚೌಕ ಬಂತು, ಆದರೆ ಒತ್ತಿದರೆ ರೈಟ್ ಬೀಳಲೊಲ್ಲದು. ಟೇಬಲನ್ನು ತಿದ್ದಲು ಬರುವಂತೆ ಮಾಡುವುದನ್ನೇ ಮರೆತಿದ್ದೆ! ಅದು ಸರಿಹೋಯಿತು ಅನ್ನುವಷ್ಟರಲ್ಲಿ, ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದರೆ ಒಬ್ಬರಿಗೆ ಒತ್ತಿದ ರೈಟ್ ಇನ್ಯಾರಿಗೋ ಹೋಗಿ ಬೀಳತೊಡಗಿತು. ಅದನ್ನೂ ಗೆದ್ದೆ. ಚೌಕಗಳ ಮೇಲೆ ‘ಊಟ ಆಯ್ತಾ?’ ಎಂದು ತಲೆಬರಹ ಕೊಟ್ಟು, ಕೆಳಗೆ ಬಾಕಿ ಉಳಿದವರ ಎಣಿಕೆಯನ್ನೂ ಕೂರಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯುಗಾದಿಯ ಕಾರ್ಯಕ್ರಮ ವುಡ್‌ಬ್ರಿಡ್ಜ್‌ನ ಒಂದು ಶಾಲೆಯಲ್ಲಿ. ಕೆಳಗೆ ಊಟದ ಕೋಣೆಯಲ್ಲಿ ಮೊದಲ ಪಂಕ್ತಿ ಮುಗಿದಿತ್ತು. ಸುಧಾ ಮೇಲಿನ ಸಭಾಂಗಣದ ವೇದಿಕೆಯಲ್ಲಿ ಹಾಡಲು ಕೂತಿದ್ದಳು. ನಾನು ಸಭಾಂಗಣದ ಬಾಗಿಲಲ್ಲಿ ಲ್ಯಾಪ್‌ಟಾಪಿನೊಂದಿಗೆ ನಿಂತು, ಒಳಬಂದ ಪ್ರತಿಯೊಬ್ಬರನ್ನೂ ತಲೆಬರಹದಲ್ಲಿ ಇದ್ದಂತೆಯೇ ಕೇಳಿದೆ.

“ನಮಸ್ಕಾರ, ಊಟ ಆಯ್ತಾ?”

“ಆಯ್ತು ಆಯ್ತು. ನಿಮ್ದು?”

ರೈಟ್!

ಪದ್ಮಾ ಆಂಟಿ ಕೋಲೂರಿಕೊಂಡು ಬಂದರು. “ಆಂಟಿ, ಊಟ ಆಯ್ತಾ?”

“ಆಯ್ತಪ್ಪಾ. ನಿಂದಾಯ್ತಾ?”

ರೈಟ್!

ಆಗ ಅಡುಗೆಯವರ ಫೋನ್ ಬಂತು. “ಸಾರ್, ಎರಡನೇ ಪಂಕ್ತಿಗೆ ಎಷ್ಟು ಜನ? ನಮ್ಗೆ ಬ್ರಿಡ್ಜ್‌ವಾಟರಲ್ಲಿ ಇನ್ನೊಂದು ಊಟ ಇದೆ.”

ಪರದೆ ನೋಡಿದೆ. “ಇಬ್ಬರೇ. ನಾನು, ನನ್ನ ಹೆಂಡತಿ. ನೀವು ಹೊರಡಿ!”

“ಒಬ್ಬಟ್ಟು ಅರ್ಧಕ್ಕರ್ಧ ಹಾಗೇ ಇದೆಯಲ್ಲ ಸಾರ್?”

“ಎಲ್ಲರೂ ಡಯಟ್ ಮಾಡ್ತಿರಬೇಕು,” ಎಂದೆ. ನನ್ನ ಟೇಬಲನ್ನೇ ಅನುಮಾನಿಸುವುದೇ! ಅವರು ಉಳಿದ ಅಡುಗೆಯನ್ನೆಲ್ಲ ಒಬ್ಬಟ್ಟಿನ ಸಮೇತ ತುಂಬಿಕೊಂಡು ಹೊರಟುಹೋದರು.

ಹಾಡು ಮುಗಿದು ನೂರು ಜನ ಕೆಳಗಿಳಿದರೆ, ಅಲ್ಲಿದ್ದದ್ದು ಖಾಲಿ ಮೇಜುಗಳು ಮತ್ತು ಒಂದು ಬಕೆಟ್ ಮಜ್ಜಿಗೆ.

ಸುಧಾಳಿಗೆ ಅಳುವೇ ಬಂತು. “ಆಂಟಿ, ಊಟ ಆಯ್ತು ಅಂದ್ರಂತಲ್ಲ?”

“ಇದೊಳ್ಳೆ ಕಥೆ! ಊಟ ಆಯ್ತಾ ಅಂದ್ರೆ ಆಯ್ತು ಅನ್ನೋದಲ್ವೇನೇ? ಬಾಗಿಲಲ್ಲಿ ನಮಸ್ಕಾರ ಅಂದೋನಿಗೆ, ಇಲ್ಲಪ್ಪಾ, ಹಸಿವು ಅನ್ನಕ್ಕಾಗತ್ತಾ?”

ನೂರು ತಲೆಗಳು ಹೌದೆಂದು ಅಲ್ಲಾಡಿದವು. ಬಳಗದ ಯುಗಾದಿ ಪಿಜ್ಜಾದೊಂದಿಗೆ ಸಾಂಗವಾಗಿ ನೆರವೇರಿತು. ಪಿಜ್ಜಾ ಮುಟ್ಟದ ಆಂಟಿ ಈ ವರ್ಷವೂ ಮಜ್ಜಿಗೆಯನ್ನೇ ಕುಡಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಪ್ರೋಗ್ರಾಮಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ ಎಂದು ಹೇಳಹೊರಟವನು, ಸುಧಾಳ ಮುಖ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ಮನೆಗೆ ಬಂದವಳೇ ಅವಳು ಬೇಳೆ ಬೇಯಲು ಇಟ್ಟಳು. ಸಂಜೆಯ ಹೊತ್ತಿಗೆ ಹನ್ನೆರಡು ಒಬ್ಬಟ್ಟು ತಯಾರು. ಅದರಲ್ಲಿ ಹನ್ನೊಂದು, ಆಂಟಿಗೆಂದು ತೆಗೆದಿಟ್ಟ ಡಬ್ಬಿ ಸೇರಿದವು. ಉಳಿದ ಒಂದನ್ನು ಕೈಯಲ್ಲಿ ಹಿಡಿದು, ನಾಚಿಕೆಗೆ ಪಿಜ್ಜಾವನ್ನೂ ಮುಟ್ಟದೆ ಬೆಳಗಿನಿಂದ ಉಪವಾಸವಿದ್ದ ನನ್ನತ್ತ ತಿರುಗಿದಳು.

“ಏನ್ರೀ, ಊಟ ಆಯ್ತಾ?”

“ಆಯ್ತು,” ಎಂದಿತು ನನ್ನ ಬಾಯಿ.

ಹನ್ನೆರಡನೆಯದೂ ಡಬ್ಬಿಯೊಳಗೆ ಹೋಯಿತು.