ಮುಳುಗಡೆ ಆಫೀಸಿನವನ ಪೇಟಿ

ಪೇಟಿ ಕಲಿಯಲು ಹೊರಟವನಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಅವನು ಮುಳುಗಡೆ ಆಫೀಸಿನ ಗುಮಾಸ್ತನೂ ಆಗಿದ್ದರೆ ಕೇಳುವುದೇ ಬೇಡ, ಫಜೀತಿಗಳು ಸರದಿ ಹಚ್ಚಿ ನಿಲ್ಲುತ್ತವೆ.

ಪೇಟಿ ಅಂದರೆ ಹಾರ್ಮೋನಿಯಂ. ಆಗ ನಾನು ಬೀಳಗಿಯಲ್ಲಿದ್ದೆ. ಕೃಷ್ಣೆಯ ಹಿನ್ನೀರಿಗೆ ಹೋಗುವ ಊರುಗಳಿಗೆ ನಾವಿಬ್ಬರು ಹೋಗುತ್ತಿದ್ದೆವು. ಪರಿಹಾರದ ಲೆಕ್ಕಕ್ಕೆ ಟೇಪು ಹಿಡಿದು ಮನೆ ಅಳೆಯುವವನು ಒಬ್ಬ, ಬರೆದುಕೊಳ್ಳುವವನು ನಾನು. ಅಳತೆ ಮುಗಿದ ಮೇಲೆ ಬಾಗಿಲ ಮೇಲೆ ಬಣ್ಣದಲ್ಲಿ ನಂಬರು ಬರೆಯುವವನೂ ನಾನೇ. ನನ್ನನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಭಜನೆಯಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುತ್ತಾರಲ್ಲ, ಅಲ್ಲಾದರೂ ನನಗೊಂದು ಜಾಗ ಸಿಕ್ಕೀತು ಎಂದು ನಲವತ್ತೈದನೇ ವಯಸ್ಸಿನಲ್ಲಿ ಪೇಟಿ ಕೊಂಡೆ.

ಮಗ್ಗದ ಮಗ್ಗುಲಿನ ಪಾಠ

ಕಲಿಸಲು ಬನಹಟ್ಟಿಯಲ್ಲಿ ಒಬ್ಬ ಮಾಸ್ತರರು ಸಿಕ್ಕರು. ಪಾವರ್‌ಲೂಮಿನಲ್ಲಿ ನಲವತ್ತು ವರ್ಷ ದುಡಿದು ಮನೆಯಲ್ಲಿದ್ದವರು. ಪ್ರತಿ ರವಿವಾರ ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಅವರ ಮನೆಯ ಗೋಡೆಗೆ ಹತ್ತಿಕೊಂಡೇ ಎಂಟು ಮಗ್ಗಗಳು. ಖಟಾಖಟ್ ಖಟಾಖಟ್ ಎಂಬ ಸದ್ದಿನಲ್ಲಿ ಮಾಸ್ತರರು ನನ್ನ ಬೆರಳು ನೋಡುತ್ತಿದ್ದರು, ತಲೆ ಆಡಿಸುತ್ತಿದ್ದರು. ನಾನು ಬಾರಿಸುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು. ನನಗೆ ನನ್ನ ಮೇಲೆ ಸಾಕಷ್ಟು ಅಭಿಮಾನವೂ ಬೆಳೆಯಿತು.

ಒಂದು ರವಿವಾರ ಪಾಠದ ನಡುವೆ ಕರೆಂಟು ಹೋಯಿತು. ಎಂಟೂ ಮಗ್ಗಗಳು ಒಮ್ಮೆಲೇ ನಿಂತವು. ಓಣಿಯೆಲ್ಲ ಸುಮ್ಮನಾಯಿತು. ಆ ಮೌನದಲ್ಲಿ ಏನೋ ಒಂದು ಒದರುತ್ತಿತ್ತು. ಬಾಗಿಲಾಚೆ ಯಾರದೋ ಎಮ್ಮೆ ಇರಬೇಕು ಎಂದುಕೊಂಡು ಕೈ ತೆಗೆದೆ. ಅದೂ ನಿಂತಿತು.

ಮಾಸ್ತರರು ಗಾಬರಿಯಾಗಿ ಕೇಳಿದರು: "ಇಷ್ಟ ದಿನಾ ಹಿಂಗ ಬಾರಸಾಕತ್ತಿದ್ರೇನ್ರಿ?"

"ನೀವು ಕೇಳಿಲ್ಲೇನ್ರಿ ಮಾಸ್ತರ? ಛಲೋ ಐತಿ ಅಂತ ತಲಿ ಆಡಸ್ತಿದ್ರಲ್ಲ?"

"ನಲವತ್ತ ವರ್ಷ ಮಗ್ಗದ ಮುಂದ ನಿಂತೇನ್ರಿ ನಾ. ಕಿವಿ ಅರ್ಧ ಹೋಗ್ಯಾವ, ಮಗ್ಗ ನಡದಾಗ ಏನ ಕೇಳ್ತೈತಿ? ನಿಮ್ಮ ಬೆರಳ ಸುರಳೀತ ಓಡಾಡತಿದ್ವು, ಅದಕ್ಕ ತಲಿ ಆಡಸ್ತಿದ್ದೆ."

ಕರಿ ಎರಡು

ಆದರೂ ಬಿಡಲಿಲ್ಲ. ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಸೋಮವಾರ ಸಂಜೆ ಭಜನೆ ನಡೆಯುತ್ತಿತ್ತು. ಮುಳುಗಿದ ಒಂದು ಊರಿನ ಜನ ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಆ ಊರನ್ನು ಬರೆದುಕೊಂಡವನು ನಾನೇ. ಪೇಟಿ ಹೊತ್ತುಕೊಂಡು ಹೋದೆ. ಎಲ್ಲರೂ ಎದ್ದು ನಿಂತರು.

ಮುಂದೆ ಕೂತು ಹಾಡುವವರು ಎಪ್ಪತ್ತರ ಹಿರಿಯರು. "ಪೇಟಿ ತಂದೀರಿ, ಭಾಳ ಛಲೋ ಆತು. ಅಲ್ಲಿ ಮೂಲ್ಯಾಗ ಇಡ್ರಿ. ಈ ತಾಳ ಹಿಡೀರಿ" ಅಂದರು.

ಆರು ಸೋಮವಾರ ತಾಳ ಹಾಕಿದೆ. ಏಳನೆಯ ಸೋಮವಾರ ಪೇಟಿ ಬಾರಿಸಲು ಅಪ್ಪಣೆ ಸಿಕ್ಕಿತು. ಹಿರಿಯರು ಹಾಡಲು ಬಾಯಿ ತೆರೆದರು, ನಾನು ಒತ್ತಿದೆ. ಅವರ ದನಿ ಮೇಲೆಲ್ಲೋ, ನನ್ನ ಪೇಟಿ ಕೆಳಗೆಲ್ಲೋ. ಅವರು ಹಾಡುವುದು ಕರಿ ಎರಡರ ಶ್ರುತಿಗೆ, ಅಂದರೆ ಪೇಟಿಯ ಎರಡನೆಯ ಕರಿಮನೆಗೆ, ಕಪ್ಪು ಕೀಗೆ. ನನಗೆ ಬರುತ್ತಿದ್ದದ್ದು ಬಿಳಿ ಒಂದು, ಅಷ್ಟೇ. ಎಂಟು ತಿಂಗಳು ಮಾಸ್ತರರು ಅದನ್ನೇ ನೋಡಿ ತಲೆಯಾಡಿಸಿದ್ದು.

ನಾನು ಸಂಕೋಚದಿಂದ ಕೇಳಿದೆ: "ಅಜ್ಜಾರ, ಸ್ವಲ್ಪ ಕೆಳಗ ಇಳದ ಹಾಡ್ತೀರೇನ್ರಿ?"

ಹಿರಿಯರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಸಾಹೇಬ್ರ, ನೀವು ಮ್ಯಾಲ ಹೋಗ್ರಿ ಅಂದ್ರಿ, ಊರ ಬಿಟ್ಟ ಮ್ಯಾಲ ಬಂದ್ವಿ. ಈಗ ಇಳೀರಿ ಅಂತೀರಿ. ಒಂದ ಆರ್ಡರ್ ಬರಕೊಟ್ಟ ಬಿಡ್ರಿ, ಎಲ್ಲಾರೂ ಕೂಡೇ ಇಳೀತೇವಿ."

ಬಾಗಿಲು

ಕರಿ ಎರಡು ಕಲಿಯಲು ಮತ್ತೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಭಜನೆಯ ತಬಲಾದವನು ಸ್ವಲ್ಪ ಹತ್ತಿರವಾದ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ, ನಗುಮುಖದ ಮನುಷ್ಯ. ಒಂದು ದಿನ "ಮನಿಗೆ ಚಾಕ್ಕ ಬರ್ರಿ ಸಾಹೇಬ್ರ" ಎಂದು ಕರೆದ. ಆ ನೌಕರಿಯಲ್ಲಿ ನನ್ನನ್ನು ಯಾರಾದರೂ ತಾವಾಗಿ ಮನೆಗೆ ಕರೆದದ್ದು ಅದೇ ಮೊದಲು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ.

ಮನೆ ಹೊಸದು, ಬಾಗಿಲು ಹಳೆಯದು. ಹಳೆಯ ಊರಿನ ಸಾಗವಾನಿ ಬಾಗಿಲನ್ನೇ ಬಿಚ್ಚಿ ತಂದು ಹಚ್ಚಿದ್ದರು. ಅದರ ಮೇಲೆ ಹಸಿರು ಬಣ್ಣ. ಹಸಿರಿನೊಳಗಿಂದ ಒಂದು ನಂಬರು ಮತ್ತು "ಮುಳುಗಡೆ" ಎಂಬ ಅಕ್ಷರಗಳು ಎದ್ದು ಕಾಣುತ್ತಿದ್ದವು. ಅಕ್ಷರ ನನ್ನದೇ.

ಚಹಾ ಬಂತು. ತಬಲಾದವನು ನಗುನಗುತ್ತಲೇ ಹೇಳಿದ: "ನಮ್ಮ ತಂಗೀನ್ನ ನೋಡಾಕ ಮುಧೋಳದಿಂದ ಬೀಗರು ಬಂದಿದ್ರು. ಬಾಗಿಲ ತನಕ ಬಂದ್ರು, ಓದಿದ್ರು, ಹೊಳ್ಳಿ ಜೀಪ್ ಹತ್ತಿದ್ರು. ಮುಳುಗಡಿ ಅಂತ ಬಾಗಿಲಕ್ಕ ಬರಕೊಂಡ ಮನೀದು ಹೆಣ್ಣ ಬ್ಯಾಡಂತ."

ನಾನು ಕಪ್ಪು ಕೆಳಗಿಟ್ಟೆ. "ಬಣ್ಣ ಹಚ್ಚಬೇಕಿತ್ತಲ್ರಿ?"

"ಮೂರ ಸಲ ಹಚ್ಚೇವ್ರಿ. ಏನ ಹಚ್ಚಿದ್ರೂ ನಿಮ್ಮ ಅಕ್ಷರ ಮ್ಯಾಲ ಬರ್ತಾವ." ಕಪ್ಪು ತೆಗೆದುಕೊಳ್ಳುತ್ತ ಅಂದ: "ಪೇಟಿನೂ ಅಷ್ಟ ಗಟ್ಟಿ ಬಾರಿಸಿದ್ರ ಬಿಡ್ರಿ, ನಮ್ಮ ಮೇಳಕ್ಕ ಯಾರ ಸಾಟಿ ಇರತಿದ್ರು?"

ಸೋಮವಾರ

ಶ್ರಾವಣದಲ್ಲಿ ಜಮಖಂಡಿಯ ಕಡೆಯ ಒಂದು ಕೇಂದ್ರದಲ್ಲಿ ಐದಾರು ಊರಿನ ಮೇಳಗಳು ಮಧ್ಯಾಹ್ನ ಕೂಡಿದ್ದವು. ನಮ್ಮ ಸರದಿ ಬಂದಾಗ ಮೈಕಿನವನು "ಪೇಟಿ ಸಾಥ್, ಮುಳುಗಡಿ ಆಫೀಸಿನ ಸಾಹೇಬ್ರು" ಎಂದು ಕೂಗಿದ. ಹಿಂದೆ ಚಹಾದ ಅಂಗಡಿಯ ಮುಂದೆ ನಿಂತಿದ್ದ ಜನವೆಲ್ಲ ಓಡಿ ಬಂದು ಮುಂದೆ ಕೂತರು. ನನ್ನ ಎದೆ ಉಬ್ಬಿತು. ಅಂದು ಕರಿ ಎರಡು ನಿಜಕ್ಕೂ ಚೆನ್ನಾಗಿ ಬರುತ್ತಿತ್ತು.

ಮೊದಲ ಹಾಡಿನ ನಡುವೆ ಒಬ್ಬ ರೈತ ಮೊಣಕಾಲ ಮೇಲೆ ತೆವಳುತ್ತ ಬಂದು ಕೈಮುಗಿದ. ಮೆಚ್ಚಿಕೊಂಡು ಬಂದನೆಂದು ನಾನೂ ತಲೆಬಾಗಿದೆ. ಅವನು ಕಿಸೆಯಿಂದ ಒಂದು ಅರ್ಜಿ ತೆಗೆದು ಪೇಟಿಯ ಮೇಲಿಟ್ಟು ಹೋದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಒಬ್ಬ ಮುದುಕಿ. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಅರ್ಜಿಗಳು ಜಾರಿ ಪೇಟಿಯ ಮನೆಗಳ ಮೇಲೆ ಬಿದ್ದು, ಯಾವುದು ಕರಿ ಯಾವುದು ಬಿಳಿ ತಿಳಿಯದಾಯಿತು.

ನನಗೆ ಸಿಟ್ಟು ಬಂತು. ಮುದುಕಿಯನ್ನು ನಿಲ್ಲಿಸಿ ಕೇಳಿದೆ: "ಯವ್ವಾ, ಇದೇನ ಆಫೀಸೇನು? ಭಜನಿ ನಡದೈತಿ, ಕಾಣೂದಿಲ್ಲೇನು?"

"ಸಿಟ್ಟಾಗಬ್ಯಾಡ್ರಿ ಯಪ್ಪಾ" ಅಂದಳು ಮುದುಕಿ. "ಆಫೀಸಿಗೆ ಬಂದಾಗೆಲ್ಲಾ ನೀವ ಹೇಳಿದ್ರಿ, ಸೋಮವಾರ ಬಾ ಅಂತ. ಇವತ್ತ ಸೋಮವಾರ ಅಲ್ರಿ?"

ಒಲೆ

ಹಿನ್ನೀರು ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ. ಒಂದು ವರ್ಷ ಬಹಳ ಸರಿದು ನಮ್ಮ ಭಜನೆಯವರ ಹಳೆಯ ಊರಿನ ಗುಡಿಯ ಕಟ್ಟೆ ಮೇಲೆ ಬಂತು. ಒಂದು ಬೆಳಿಗ್ಗೆ ಮೇಳದವರೆಲ್ಲ ಟ್ರ್ಯಾಕ್ಟರ್ ಏರಿ ಅಲ್ಲಿಗೆ ಭಜನೆಗೆ ಹೊರಟೆವು.

ಕಟ್ಟೆಯೊಂದು ಬಿಟ್ಟರೆ ಎಲ್ಲವೂ ಒಣಗಿ ಬಿರಿದ ಕೆಸರು. ಓಣಿಯಿಲ್ಲ, ಗೋಡೆಯಿಲ್ಲ. ಅಲ್ಲೇ ಹುಟ್ಟಿದವರು ದಿಕ್ಕು ತಪ್ಪಿ ನಿಂತರು. ಕೊನೆಗೆ ಹಿರಿಯರು ನನ್ನ ಬಳಿ ಬಂದರು. "ಸಾಹೇಬ್ರ, ನೀವ ಬರಕೊಂಡವ್ರು. ನಮ್ಮ ಮನಿ ಎಲ್ಲಿತ್ತು, ಹೇಳ್ರಿ."

ಎಷ್ಟೋ ವರ್ಷಕ್ಕೆ ನನ್ನಿಂದ ಅವರಿಗೊಂದು ಉಪಯೋಗ ಬಂದಿತ್ತು. ಕಟ್ಟೆಯಿಂದ ಹೆಜ್ಜೆ ಎಣಿಸುತ್ತ ಹೋಗಿ, ಒಂದು ಕಡೆ ನಿಂತು, "ಇದ ನಿಮ್ಮ ನಡುಮನಿ" ಎಂದೆ. ಹಿರಿಯರು ಅಲ್ಲೇ ಕೂತು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ಎರಡು ಹಾಡು ಹಾಡಿದರು. ಮೂರನೆಯದಕ್ಕೆ ದನಿ ಒಡೆದು ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾಯಿತು.

ತಾಳ ಹಾಕುವವನು ಅವರ ದಾಯಾದಿ. ಎರಡು ಮನೆಗಳ ನಡುವಿನ ಒಂದು ಗೋಡೆಯ ಜಗಳಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು. ಗೋಡೆ ನೀರಿಗೆ ಹೋದರೂ ಜಗಳ ದಡ ಹತ್ತಿತ್ತು. ಒಂದೇ ಭಜನೆಯಲ್ಲಿ ಕೂತರೂ ಮಾತಿಲ್ಲ. ಅವನು ಎದ್ದು ಬಂದು ಹಿರಿಯರ ಪಕ್ಕದ ಕೆಸರನ್ನು ಕಾಲಿನಿಂದ ಕೆದರಿದ. ನೀರು ಹರಿದುಹೋಗಲು ತೂತು ಕೊರೆದ ಒಂದು ಕಲ್ಲು ಕಂಡಿತು. ಹಿರಿಯರು ಮಗ್ಗುಲಲ್ಲೇ ಕೂತಿದ್ದರೂ ನನ್ನ ಕಡೆ ತಿರುಗಿ ಹೇಳಿದ:

"ಸಾಹೇಬ್ರ, ಅವಗ ಹೇಳ್ರಿ, ಅಂವಾ ಕುಂತ ಅಳಾಕತ್ತಿದ್ದು ನಮ್ಮ ಬಚ್ಚಲದಾಗ."

ನಾನು ಭೂಮಿಗಿಳಿದು ಹೋದೆ. ಹದಿನೈದು ನಿಮಿಷದಲ್ಲಿ ಬರೆದುಕೊಂಡ ಮನೆ ನನಗೆ ಎಷ್ಟು ಗೊತ್ತಿದ್ದೀತು? ಹಿರಿಯರು ಕಣ್ಣೊರೆಸಿಕೊಂಡು ಕಲ್ಲನ್ನು ನೋಡಿದರು, ದಾಯಾದಿಯನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ದಾಯಾದಿಯೂ ನಕ್ಕ, ಮುಖ ಆಚೆ ತಿರುಗಿಸಿಕೊಂಡು.

ಬಚ್ಚಲು ಸಿಕ್ಕ ಮೇಲೆ ಲೆಕ್ಕ ಸುಲಭವಾಯಿತು. ಹಿರಿಯರ ಮನೆ ಅಲ್ಲಿಂದ ಹದಿನೈದು ಹೆಜ್ಜೆ ಆಚೆ, ಇನ್ನೂ ಮೊಣಕಾಲುದ್ದ ನೀರಿನಲ್ಲಿತ್ತು. ಅವರು ಧೋತರ ಎತ್ತಿ ಕಟ್ಟಿ ನೀರಿಗಿಳಿದರು. "ಬರ್ರಿ, ಮೊದಲಿಂದ ಹಾಡೂಣು" ಅಂದರು. ಪೇಟಿ ಇಡಲು ನೆಲವಿಲ್ಲ. ತಬಲಾದವನು ತನ್ನ ಟವೆಲನ್ನು ಪೇಟಿಗೆ ಬಿಗಿದು ನನ್ನ ಕೊರಳಿಗೆ ಹಾಕಿದ, ತಾನು ದಡದಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ತಾಳ ಹಿಡಿದ. ದಾಯಾದಿಯೂ ಮಾತಿಲ್ಲದೆ ನೀರಿಗಿಳಿದು ನಿಂತ.

ಒಂದು ಕೈಯಲ್ಲಿ ಗಾಳಿ ಹಾಕುತ್ತ, ಇನ್ನೊಂದು ಕೈಯಲ್ಲಿ ಬಾರಿಸುತ್ತ, ಕೆಸರಿನಲ್ಲಿ ಕಾಲೂರಿ ನಿಂತೆ. ಕರಿ ಎರಡು ತಪ್ಪಲಿಲ್ಲ. ಹಿರಿಯರ ದನಿಯೂ ನನ್ನ ಪೇಟಿಯೂ ಒಂದಾಗಿ ಹೊರಟವು. ಇಷ್ಟು ವರ್ಷಕ್ಕೆ ನಾನೂ ಇವರೊಳಗೆ ಒಬ್ಬನಾದೆ ಎಂದು ಕಣ್ಣು ಮುಚ್ಚಿದೆ.

ಹಾಡು ನಿಂತಿತು. ಕಣ್ಣು ತೆರೆದರೆ ಹಿರಿಯರು ನನ್ನ ಕಾಲ ಕಡೆ ನೋಡುತ್ತಿದ್ದರು.

"ಸಾಹೇಬ್ರ, ಒಂದ ಹೆಜ್ಜಿ ಇತ್ತಾಗ ಸರೀರಿ. ನಮ್ಮವ್ವನ ಒಲಿ ಮ್ಯಾಲ ನಿಂತೀರಿ."