ಹದಿನೈದು ತುಂಬಿದ ಗಾಡಿ

ನಗುವಂಥ ಸಂಗತಿಗಳನ್ನು ಹುಡುಕಿಕೊಂಡು ನಾನೆಂದೂ ಹೋದವನಲ್ಲ. ಅಷ್ಟು ಪುರುಸೊತ್ತು ನನಗಿಲ್ಲ. ಆದರೆ ನನ್ನ ಬಳಿ ನೂರು ಸಿಸಿಯ ಒಂದು ಹಳೆಯ ಗಾಡಿ ಇದೆ. ಅದು ಇರುವುದರಿಂದ ಅಂಥ ಸಂಗತಿಗಳು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ಅದೂ ನಾನು ಸುಸ್ತಾಗಿರುವ ದಿನವೇ ನೋಡಿಕೊಂಡು ಬರುತ್ತವೆ.

ನಮ್ಮೂರು ದಾವಣಗೆರೆ ಕಡೆ. ಈಗ ಮನೆ ಚಿಕ್ಕಬಾಣಾವರದಲ್ಲಿ, ಕೆಲಸ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ, ಜನರಲ್ ಶಿಫ್ಟು. ಗಾಡಿ ಇದ್ದರೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅರ್ಧ ಗಂಟೆ ನೆಮ್ಮದಿಯಾಗಿ ಲಿಂಗಪೂಜೆ ಮಾಡಿಕೊಂಡು ಹೊರಟರೂ ಗೇಟು ಹಾಕುವುದರೊಳಗೆ ತಲುಪುತ್ತೇನೆ. ಗಾಡಿ ಇಲ್ಲದಿದ್ದರೆ ಎರಡು ಬಸ್ಸು ಬದಲಾಯಿಸಬೇಕು. ಆಗ ಆ ಅರ್ಧ ಗಂಟೆ ಬಸ್‌ಸ್ಟಾಪಿನ ಪಾಲು. "ಪೂಜೆ ಬಸ್ಸಲ್ಲೇ ಮಾಡ್ಕೊಳ್ರೀ, ದೇವರು ಎಲ್ಲಾ ಕಡೆ ಇದಾನೆ" ಎಂದು ನಮ್ಮ ಶಾಪಿನ ವೆಲ್ಡರ್ ಒಮ್ಮೆ ಸಲಹೆ ಕೊಟ್ಟ. ದೇವರು ಇದ್ದಾನು. ಆದರೆ ಲಿಂಗ ಇಟ್ಟುಕೊಳ್ಳಲು ಒಂದು ಅಂಗೈ ಬಿಡುವಾಗಿರಬೇಕು. ಆ ಹೊತ್ತಿನ ಬಸ್ಸಿನಲ್ಲಿ ಕಂಬಿ ಹಿಡಿಯುವುದಕ್ಕೆ ಎರಡು ಕೈಯೂ ಸಾಲುವುದಿಲ್ಲ.

ಆದ್ದರಿಂದ ಗಾಡಿ ಓಡಬೇಕು. ಹೊಸದು ಕೊಳ್ಳುವ ಶಕ್ತಿ ಸದ್ಯಕ್ಕೆ ಇಲ್ಲ. ಇರುವುದಕ್ಕೆ ಈಗ ಹದಿನೈದು ವರ್ಷ ತುಂಬಿದ್ದರಿಂದ ಆರ್‌ಟಿಓದವರು ಅದನ್ನು ಕಣ್ಣಾರೆ ನೋಡಿ, ಇನ್ನು ಐದು ವರ್ಷ ಓಡಲಿ ಎಂದು ಒಪ್ಪಬೇಕಿತ್ತು. ಒಪ್ಪದಿದ್ದರೆ ಗಾಡಿ ಗುಜರಿಗೆ, ನಾನು ಬಸ್ಸಿಗೆ. ಆ ದಿನ ಬರುವ ತನಕ ಅದನ್ನು ಹೇಗೋ ಉಸಿರಾಡಿಸಿಕೊಂಡಿರಬೇಕಾಗಿತ್ತು.

ಎಡಕ್ಕೆ ಮಲಗಿಸಿದ್ದು

ಈ ಗಾಡಿಯ ಪೆಟ್ರೋಲ್ ಟ್ಯಾಂಕಿನ ಹೊಟ್ಟೆ ಕೆಳಗಡೆ ಎರಡು ಭಾಗವಾಗಿದೆ. ಪೆಟ್ರೋಲ್ ಇಳಿಯುವ ನಲ್ಲಿ ಇರುವುದು ಎಡಕ್ಕೆ. ರಿಸರ್ವ್ ಕೂಡ ಮುಗಿದು ಗಾಡಿ ನಿಂತಾಗ ಬಲಭಾಗದಲ್ಲಿ ಒಂದು ಲೋಟದಷ್ಟು ಉಳಿದಿರುತ್ತದೆ. ಗಾಡಿಯನ್ನು ಎಡಕ್ಕೆ ಮಲಗಿಸಿದರೆ ಅದು ಈಚೆಗೆ ಬರುತ್ತದೆ, ಬಂಕಿನ ತನಕ ಸಾಗಬಹುದು. ಹಳೆ ಗಾಡಿ ಇಟ್ಟವರಿಗೆಲ್ಲ ಗೊತ್ತಿರುವ ವಿದ್ಯೆ.

ಒಂದು ಸಂಜೆ ಶಿಫ್ಟು ಮುಗಿಸಿ ಬರುವಾಗ ಜಾಲಹಳ್ಳಿ ಕ್ರಾಸ್ ಹತ್ತಿರ ಗಾಡಿ ನಿಂತಿತು. ಸರ್ವಿಸ್ ರಸ್ತೆಯ ಬದಿಗೆ ತಂದು, ಎಡಕ್ಕೆ ಮಲಗಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತೆ. ದಿನವಿಡೀ ಮಷಿನ್ ಮುಂದೆ ನಿಂತವನಿಗೆ ಹಾಗೆ ಕೂತದ್ದು ಹಿತವಾಗಿ ತಲೆ ತಗ್ಗಿಸಿ ಕಣ್ಣು ಮುಚ್ಚಿದೆ. ಅದೇ ತಪ್ಪಾಯಿತು.

"ಅಯ್ಯೋ, ಬಿದ್ದೋದ್ರು ನೋಡ್ರೋ!" ಎಂದು ಯಾರೋ ಕೂಗಿದರು. ಕಣ್ಣು ಬಿಡುವುದರೊಳಗೆ ಸುತ್ತ ಹತ್ತಾರು ಕಾಲುಗಳು. ಒಬ್ಬಾಕೆ ಬಾಟಲಿ ನೀರನ್ನು ನನ್ನ ನೆತ್ತಿಯ ಮೇಲೆ ಸುರಿದರು.

"ಬಿದ್ದಿಲ್ಲಮ್ಮ, ಪೆಟ್ರೋಲ್ ಖಾಲಿ" ಎಂದೆ.

"ಶಾಕ್ ಆಗಿದೆ, ಪಾಪ. ಏನೇನೋ ಮಾತಾಡ್ತಿದಾರೆ" ಎಂದರು ಆಕೆ ಪಕ್ಕದವರಿಗೆ.

ಅಷ್ಟರಲ್ಲಿ ನನ್ನ ಹಿಂದೆ ಕಾರು ನಿಲ್ಲಿಸಿ ಎಳನೀರು ಕುಡಿಯುತ್ತಿದ್ದ ಒಬ್ಬನನ್ನು ಜನ ಹಿಡಿದುಕೊಂಡರು. "ನೋಡ್ಕೊಂಡು ಓಡಿಸೋಕಾಗಲ್ವಾ ಗುರು? ವಯಸ್ಸಾದೋರು!" ಅವನು ಎಳನೀರನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಂದೆ ಬಗ್ಗಿ, "ಅಣ್ಣ, ನಾನು ಗುದ್ದಿದ್ನಾ? ನಿಜ ಹೇಳಿ" ಎಂದು ಕೇಳಿದ. ಅವನಿಗೇ ಅನುಮಾನ ಬಂದುಬಿಟ್ಟಿತ್ತು. ನಾನು ಇಲ್ಲ ಎಂದೆ. "ದೊಡ್ಡ ಮನಸ್ಸು, ಕೇಸ್ ಬೇಡ ಅಂತಿದಾರೆ" ಎಂದು ಗುಂಪಿನಲ್ಲಿ ಒಬ್ಬರು ಅರ್ಥ ಹೇಳಿದರು. ಎಳನೀರು ನನ್ನ ಕೈಗೆ ಬಂತು.

ಕುಡಿದು ಮುಗಿಸುವಷ್ಟರಲ್ಲಿ ಮೂರು ಜನ ಸೇರಿ ನನ್ನ ಗಾಡಿಯನ್ನು ಎತ್ತಿ, ಧೂಳು ಒರೆಸಿ, ಬಹಳ ಜೋಪಾನವಾಗಿ ಬಲಗಡೆಗೆ ವಾಲಿಸಿ ಗೋಡೆಗೆ ಒರಗಿಸಿದ್ದರು. ಆ ಒಂದು ಲೋಟ ಪೆಟ್ರೋಲು ತನ್ನ ಊರಿಗೆ ವಾಪಸ್ ಹೋಗಿತ್ತು. ಜನ ಚದುರುವ ತನಕ ಕಾದು, ಆಚೆ ಈಚೆ ನೋಡಿ, ಕಳ್ಳನ ಹಾಗೆ ಮತ್ತೆ ಮಲಗಿಸಿದೆ.

ಸೋಮವಾರದ ನಂಬರ್ ಪ್ಲೇಟು

ಸೋಮವಾರ ನಾನು ಗಾಡಿಗೂ ವಿಭೂತಿ ಹಚ್ಚುತ್ತೇನೆ. ಅದಕ್ಕೆ ಬೇರೆ ಆಧಾರ ಏನಿದೆ? ಆವತ್ತು ಕೈ ಸ್ವಲ್ಪ ಧಾರಾಳವಾಗಿ, ಮುಂದಿನ ನಂಬರ್ ಪ್ಲೇಟಿನ ಮೇಲೆ ಮೂರು ಬೆರಳ ಪಟ್ಟೆ ಎಳೆದಿತ್ತು. ವಾಪಸ್ ಬರುವಾಗ ಒಬ್ಬ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ಅವರ ಹಣೆಯ ಮೇಲೂ ವಿಭೂತಿ ಇತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ.

"ಇದೇನು ಸಾರ್, ಮೂರೋ ಎಂಟೋ?"

"ಎಂಟು, ಸಾರ್."

"ನಂಬರ್ ಮುಚ್ಚಿದ್ರೆ ಫೈನ್ ಗೊತ್ತಲ್ವಾ? ಒರೆಸಿ."

ಹಚ್ಚಿದ ವಿಭೂತಿಯನ್ನು ನನ್ನ ಕೈಯಿಂದ ಅಳಿಸಿ ನನಗೆ ಅಭ್ಯಾಸವಿಲ್ಲ. "ದಯವಿಟ್ಟು ನೀವೇ ಒರೆಸಿಬಿಡಿ ಸಾರ್" ಎಂದೆ.

ಅವರು ಕೈ ಮುಂದೆ ತಂದರು, ಹಿಂದೆ ತೆಗೆದುಕೊಂಡರು. "ನಾನ್ಯಾಕೆ ಒರೆಸ್ಲಿ? ಸೋಮವಾರ ಬೇರೆ. ನಂಗೂ ಮಕ್ಕಳಿದಾರೆ ಕಣ್ರೀ."

ಇಬ್ಬರೂ ಆ ಪ್ಲೇಟನ್ನು ನೋಡುತ್ತಾ ನಿಂತೆವು. ಅಷ್ಟರಲ್ಲಿ ಊಟ ಡೆಲಿವರಿ ಮಾಡುವವನೊಬ್ಬ ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದ. ಅವರಿಗೆ ದಾರಿ ಹೊಳೆಯಿತು. "ಏಯ್, ಬಾರಪ್ಪ ಇಲ್ಲಿ. ನಿನ್ನ ಬಿಟ್ಬಿಡ್ತೀನಿ, ಈ ವಿಭೂತಿ ಒಂದು ಒರೆಸು."

ಅವನು ಬಂದು ಪ್ಲೇಟು ನೋಡಿದ, ನನ್ನ ಹಣೆ ನೋಡಿದ, ಅವರ ಹಣೆ ನೋಡಿದ. "ಬೇಡ ಸಾರ್. ಫೈನೇ ಹಾಕ್ಬಿಡಿ" ಎಂದ.

ಪೊಲೀಸರು ಸೋತ ಉಸಿರು ಬಿಟ್ಟು, "ಹೋಗ್ರೀ ಇಬ್ರೂ" ಎಂದರು. ಆಮೇಲೆ ನನ್ನನ್ನು ಹಿಂದಕ್ಕೆ ಕರೆದು, "ಮಳೆ ಬಂದಾಗ ಗಾಡಿ ಹೊರಗೇ ನಿಲ್ಸಿ, ಮಳೇನೇ ಒರೆಸ್ಲಿ, ಮರೀಬೇಡಿ" ಎಂದರು.

ಸದ್ದಡಗಿದ ಸಂಜೆ

ಸೈಲೆನ್ಸರಿಗೆ ತೂತು ಬಿದ್ದು ಬಹಳ ದಿನವಾಗಿತ್ತು. ಗಾಡಿ ನಮ್ಮ ಬೀದಿಯ ತಿರುವಿಗೆ ಬಂದರೆ ಬೋರ್‌ವೆಲ್ ಲಾರಿ ಬಂದ ಹಾಗೆ ಕೇಳುತ್ತಿತ್ತು. ಈ ಸದ್ದಿನಲ್ಲಿ ಆರ್‌ಟಿಓ ಮುಂದೆ ಹೋದರೆ ನೋಡದೆಯೇ ಫೇಲ್ ಮಾಡುತ್ತಾರೆಂದು ಹೆದರಿ, ಪೂಜೆಯ ಬಗ್ಗೆ ಸಲಹೆ ಕೊಟ್ಟಿದ್ದ ಅದೇ ವೆಲ್ಡರಿಗೆ ಎರಡು ಟೀ ಕುಡಿಸಿ ತೂತು ಮುಚ್ಚಿಸಿದೆ. ಆ ಸಂಜೆ ಗಾಡಿ ಬೆಕ್ಕಿನಂತೆ ಬಂತು. ನನಗೇ ಹೆಮ್ಮೆ.

ಗೇಟಿನ ಒಳಗೆ ಕಾಲಿಟ್ಟರೆ ಮೆಟ್ಟಿಲ ಮೇಲಿಂದ ನೀರು ಇಳಿದು ಬರುತ್ತಿದೆ. ಮೇಲೆ ಟ್ಯಾಂಕು ತುಂಬಿ ಹರಿಯುತ್ತಿದೆ. ಕೆಳಗಿನ ಮನೆಯ ಓನರು ಟೀವಿ ಮುಂದೆ ಕೂತಿದ್ದಾರೆ. ನನ್ನನ್ನು ಕಂಡವರೇ ಎದ್ದು ಬಂದು, "ಯಾವಾಗ ಬಂದ್ರಿ?" ಎಂದರು. ದಿನಾ ಸಂಜೆ ಮೋಟಾರ್ ಹಾಕಿ, ನನ್ನ ಗಾಡಿಯ ಸದ್ದು ಕೇಳಿದೊಡನೆ ಆರಿಸುವುದು ಅವರ ಕ್ರಮವಂತೆ. ಇಷ್ಟು ವರ್ಷ ಅದು ನನಗೆ ತಿಳಿದಿರಲಿಲ್ಲ.

ಒದ್ದೆ ಮೆಟ್ಟಿಲು ಹತ್ತಿ ಮನೆಯೊಳಗೆ ಹೋದೆ. ಒಲೆಯ ಮೇಲೆ ಹಂಚು ಇರಲಿಲ್ಲ. ನಮ್ಮ ಮನೆಯವಳು ಹಾಲ್‌ನಲ್ಲಿ ಕಾಲು ನೀಡಿ, ತನ್ನ ಅಕ್ಕನ ಜೊತೆ ಫೋನಿನಲ್ಲಿ ನನ್ನ ವಿಷಯವೇ ಮಾತಾಡುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿಬಿದ್ದು ಫೋನ್ ಇಟ್ಟಳು.

"ರೊಟ್ಟಿ ಆಗಿಲ್ವಾ?" ಎಂದೆ.

"ಸದ್ದು ಕೇಳಿದ್ಮೇಲೆ ತಾನೇ ನಾನು ಹಂಚು ಇಡೋದು? ಹಿಂಗೆ ಹೇಳದೆ ಕೇಳದೆ ಮನೆಗೆ ಬಂದ್ರೆ ಹೆಂಗ್ರೀ?"

"ಇದು ನಮ್ಮನೆ ಕಣೇ!"

"ಅದಕ್ಕೇ ಹೇಳಿದ್ದು, ನಮ್ಮನೆಗೆ ಕಳ್ಳರ ಥರ ಬರೋದ್ಯಾಕೆ ಅಂತ."

ಓನರು ಬಾಗಿಲಿಗೇ ಬಂದು, "ರಿಪೇರಿ ಮಾಡಿಸೋಕೆ ಮುಂಚೆ ನಮ್ಮನ್ನೊಂದು ಮಾತು ಕೇಳ್ಬೇಕಿತ್ತು" ಎಂದು ಬೇಸರಪಟ್ಟರು. ಕೊನೆಗೆ ಇಬ್ಬರೂ ಸೇರಿ ತೀರ್ಮಾನಿಸಿದರು: ಇನ್ನು ಮೇಲೆ ನಾನು ತಿರುವಿನಲ್ಲಿ ಹಾರ್ನ್ ಹೊಡೆಯಬೇಕು. ಹಾರ್ನ್ ಇದ್ದಿದ್ದರೆ ಆ ತೂತನ್ನು ಅಷ್ಟು ದಿನ ಯಾಕೆ ಬಿಟ್ಟಿರುತ್ತಿದ್ದೆ?

ಎಕ್ಸ್‌ಚೇಂಜ್

ಆರ್‌ಟಿಓದಲ್ಲಿ ಫೇಲಾದರೆ ಏನು ಗತಿ ಎಂದು ಒಂದು ಭಾನುವಾರ ಶೋರೂಮಿಗೂ ಹೋಗಿ ವಿಚಾರಿಸಿದೆ. ಹಳೆ ಗಾಡಿ ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು ಬೋರ್ಡಿತ್ತು. ಟೈ ಕಟ್ಟಿದ ಸೇಲ್ಸ್‌ನವರು ಹೊರಗೆ ಬಂದು, ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಲ್ಲೂ ಮುಟ್ಟಲಿಲ್ಲ.

"ಒಂದು ಹೆಲ್ಮೆಟ್ ಕೊಡ್ತೀವಿ ಸಾರ್" ಎಂದರು.

"ಸಂತೋಷ. ಗಾಡಿಗೆ ಎಷ್ಟು ಕೊಡ್ತೀರಿ?"

"ಗಾಡಿಗೇ ಸಾರ್, ಅದು."

ನಾನು ಗಾಡಿಯ ಮುಖ ನೋಡಿದೆ. ಅದಕ್ಕೆ ಕೇಳಿಸಬಾರದಿತ್ತು ಅನ್ನಿಸಿತು. "ಹೊಸದು ತಗೊಳ್ಳೋ ಶಕ್ತಿ ಇಲ್ಲದೆ ಇದನ್ನ ಮಾತ್ರ ಕೊಟ್ರೆ?"

"ಆಗಲೂ ಹೆಲ್ಮೆಟ್ ಕೊಡ್ತೀವಿ ಸಾರ್."

"ಹೆಲ್ಮೆಟ್ ಹಾಕ್ಕೊಂಡು ಬಸ್ಸಲ್ಲಿ ಹೋಗ್ಲಾ?"

ಅವರು ನಗಲಿಲ್ಲ. "ಈಗಿನ ಬಸ್ಸಲ್ಲಿ ಅದೂ ಒಳ್ಳೇದೇ ಸಾರ್" ಎಂದರು.

ಕನ್ನಡಿ

ಕೊನೆಗೂ ಆ ದಿನ ಬಂತು. ರಜೆ ಹಾಕಿ, ಹಾರ್ನ್ ಕೂರಿಸಿ, ಇಂಡಿಕೇಟರ್ ಕಟ್ಟಿಸಿ, ದೇವರಿಗೆ ಎರಡು ಹೂವು ಹೆಚ್ಚಿಗೆ ಏರಿಸಿ ಆರ್‌ಟಿಓ ಮೈದಾನಕ್ಕೆ ಹೋದೆ. ನನ್ನಂಥವರದೇ ಒಂದು ದೊಡ್ಡ ಸಾಲು. ಎಲ್ಲ ಹಳೆಯ ಗಾಡಿಗಳು, ಎಲ್ಲ ದಣಿದ ಮುಖಗಳು. ಇನ್ಸ್‌ಪೆಕ್ಟರು ಒಂದೊಂದನ್ನೇ ನೋಡುತ್ತಾ ಬರುತ್ತಿದ್ದರು.

ನನ್ನ ಮುಂದೆ ಒಬ್ಬ ತರಕಾರಿ ವ್ಯಾಪಾರಿ ಇದ್ದ. ತಿರುಗಿ ನನ್ನ ಗಾಡಿ ನೋಡಿ, "ಯಜಮಾನ್ರೇ, ಕನ್ನಡಿ ಎಲ್ಲಿ?" ಎಂದ.

ಹ್ಯಾಂಡಲಿನ ಎರಡೂ ಬದಿ ತಡವಿದೆ. ಎರಡೂ ಕನ್ನಡಿ ಯಾವಾಗಲೋ ಟ್ರಾಫಿಕ್ಕಿನಲ್ಲಿ ಮುರಿದು ಹೋಗಿದ್ದವು. ಹಿಂದೆ ಬರುವವರು ಹೇಗೂ ಹಾರ್ನ್ ಹೊಡೆಯುವುದರಿಂದ ನಾನು ಕನ್ನಡಿಯನ್ನೇ ಮರೆತುಬಿಟ್ಟಿದ್ದೆ.

"ಹೆದರ್ಬೇಡಿ" ಎಂದ ಅವನು. "ನಂಗೂ ಇಲ್ಲ. ಅಗೋ, ಬರ್ತಾ ಇದೆ."

ನೋಡಿದರೆ ಇಡೀ ಸಾಲಿಗೆ ಇದ್ದದ್ದು ಒಂದೇ ಜೊತೆ ಕನ್ನಡಿ. ಯಾರೋ ಪುಣ್ಯಾತ್ಮರದು. ಒಂದು ಗಾಡಿ ಪಾಸಾದ ಕೂಡಲೇ ಅದರಿಂದ ಬಿಚ್ಚಿ, ಇನ್ಸ್‌ಪೆಕ್ಟರು ಬೆನ್ನು ತಿರುಗಿಸಿ ಬರೆಯುವಷ್ಟರಲ್ಲಿ ಮುಂದಿನದಕ್ಕೆ ಸಿಕ್ಕಿಸುತ್ತಿದ್ದರು. ಸ್ಪಾನರ್ ಕೈಯಿಂದ ಕೈಗೆ ದಾಟುತ್ತಿತ್ತು. ಎಡಗಡೆಯ ಕನ್ನಡಿಯ ಮೇಲೆ 'ಅಮ್ಮನ ಆಶೀರ್ವಾದ' ಎಂದು ಕೆಂಪು ಸ್ಟಿಕ್ಕರು. ತರಕಾರಿಯವನು ಪಾಸಾದ. ಕನ್ನಡಿ ನನ್ನ ಗಾಡಿಗೆ ಬಂತು. ಮನಸ್ಸು ಒಪ್ಪಲಿಲ್ಲ, ಆದರೆ ಸ್ಪಾನರ್ ಹಿಡಿದವನು ನನ್ನ ಮನಸ್ಸನ್ನು ಕೇಳಲಿಲ್ಲ.

ಇನ್ಸ್‌ಪೆಕ್ಟರು ಹಾರ್ನ್ ಒತ್ತಿದರು, ಲೈಟು ನೋಡಿದರು, ಎಲ್ಲ ಸರಿಯಾಗಿತ್ತು. ಆಮೇಲೆ ಕನ್ನಡಿಯ ಮುಂದೆ ನಿಂತರು.

"ಈ ಅಮ್ಮ ಬೆಳಗ್ಗೆಯಿಂದ ನಂಗೆ ಪರಿಚಯ. ಕನ್ನಡಿ ನಿಮ್ದೇನಾ?"

ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಹೌದು ಎನ್ನಲು ನಾಲಿಗೆ ಏಳಲಿಲ್ಲ. "ಅಲ್ಲ ಸಾರ್" ಎಂದೆ. ಹಿಂದಿನ ಸಾಲಿನವರೆಲ್ಲ ಹಣೆ ಚಚ್ಚಿಕೊಂಡರು.

ಅವರು ನನ್ನ ಕಡೆ ತಿರುಗಿದರು. "ಇಷ್ಟು ಜನಾನ ಕೇಳಿದೆ. ಎಲ್ಲರೂ ನಂದೇ ಅಂದ್ರು. ನಿಜ ಹೇಳಿದ್ದು ನೀವೊಬ್ರೇ."

ಭಗವಂತ ಕೈ ಬಿಡಲಿಲ್ಲ ಎಂದುಕೊಂಡು ಕೈ ಮುಗಿದೆ.

"ಅದಕ್ಕೇ ನಿಮ್ಮ ಮೇಲೆ ನಂಬಿಕೆ ಬಂತು. ನಾಳೆ ನಿಮ್ದೇ ಕನ್ನಡಿ ಹಾಕಿಸ್ಕೊಂಡು ಬನ್ನಿ" ಎಂದು ಮುಂದಿನ ಗಾಡಿಗೆ ಹೋದರು. ಅಮ್ಮನ ಆಶೀರ್ವಾದ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

ಮಾರನೆಯ ದಿನವೂ ರಜೆ. ಹೊಸ ಕನ್ನಡಿ ಜೋಡಿ ಹಾಕಿಸಿಕೊಂಡು ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆ.

"ಇದು?" ಎಂದರು ಇನ್ಸ್‌ಪೆಕ್ಟರು.

"ನಂದೇ ಸಾರ್. ಬಿಲ್ಲಿದೆ."

"ನಿಮ್ಮ ಮುಖಕ್ಕೆ ಬಿಲ್ ಬೇಡ ಬಿಡಿ" ಎಂದು ಸಹಿ ಹಾಕಿದರು. ಐದು ವರ್ಷ! ಐದು ವರ್ಷ ಬೆಳಿಗ್ಗೆ ಅರ್ಧ ಗಂಟೆ ನನ್ನದೇ, ನನ್ನ ಅಂಗೈ ನನ್ನದೇ. ಗಾಡಿಗೆ ಕಿಕ್ ಹೊಡೆಯಬೇಕು, ಅಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು.

"ಅಣ್ಣಾ..." ಎಂದರು ಹಿಂದಿನ ಗಾಡಿಯವರು, ಬಹಳ ಮೆತ್ತಗೆ. ಅವರ ಹಿಂದೆ ಒಬ್ಬ ಅಜ್ಜ, ಅಜ್ಜನ ಹಿಂದೆ ಮೊಪೆಡ್ಡಿನ ಒಬ್ಬ ಅಕ್ಕ. ಯಾರ ಗಾಡಿಗೂ ಕನ್ನಡಿ ಇಲ್ಲ. ಎಲ್ಲರ ಕಣ್ಣೂ ನನ್ನ ಹ್ಯಾಂಡಲ್ ಮೇಲೆ. ಒಬ್ಬರ ಕೈಯಲ್ಲಿ ಆಗಲೇ ಸ್ಪಾನರ್ ಇತ್ತು.

ಆಗುವುದಿಲ್ಲ ಎಂದು ಹೇಗೆ ಹೇಳುವುದು? ಹೊಂಗೆ ಮರದ ನೆರಳಿನಲ್ಲಿ ಕೂತೆ. ನನ್ನ ಕನ್ನಡಿಗಳು ಒಂದಾದ ಮೇಲೊಂದು ಗಾಡಿ ಹತ್ತಿ ಇಳಿಯುತ್ತಾ ಸಾಲಿನುದ್ದಕ್ಕೂ ಹೊರಟವು. ಇನ್ಸ್‌ಪೆಕ್ಟರು ಮೊಪೆಡ್ ಹತ್ತಿರ ಬಂದವರು ನಿಂತರು. ಕನ್ನಡಿ ನೋಡಿದರು, ಮರದ ಕೆಳಗಿದ್ದ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಅವರು ಜೇಬಿನಿಂದ ಕರ್ಚೀಫು ತೆಗೆದು, ಕನ್ನಡಿಗೆ ಬಗ್ಗಿ ಮುಖದ ಬೆವರು ಒರೆಸಿಕೊಂಡು, ಕೂದಲನ್ನು ಒಂದು ಸಲ ಸವರಿಕೊಂಡರು.

"ಇವತ್ತಿಂದು ಪರವಾಗಿಲ್ಲ" ಎಂದರು ಆ ಅಕ್ಕನಿಗೆ. "ನಿನ್ನೇದ್ರಲ್ಲಿ ಅಮ್ಮ ಅಡ್ಡ ಬಂದು, ಕ್ರಾಪೇ ಕಾಣ್ತಿರ್ಲಿಲ್ಲ."